ಉಪವಾಸ ಸರಿ, ಪಾರಣೆ ಯಾವಾಗ?

ಸ್ಕಾಟ್ಲೆಂಡಿನ ಟೇಪೋರ್ಟ್ ಅನ್ನೋ ಪುಟ್ಟ ಊರಿನ ಆಂಗಸ್ ಬಾರ್ಬಿಯೇರಿ ಎಂಬ ಯುವಕ 1965ರ ಜೂನ್ ತಿಂಗಳಲ್ಲಿ ಊಟ ಬಿಟ್ಟ. ವಯಸ್ಸು 27, ತೂಕ 207 ಕೆಜಿ. ಮತ್ತೆ ಅವನು ತಟ್ಟೆ ಮುಂದೆ ಕೂತಿದ್ದು 382 ದಿನ ಕಳೆದ ಮೇಲೆ. ಒಂದು ವರ್ಷ, ಅದರ ಮೇಲೆ ಹದಿನೇಳು ದಿನ. ಅಷ್ಟೊತ್ತಿಗೆ ತೂಕ 82 ಕೆಜಿಗೆ ಇಳಿದಿತ್ತು.

ಫೋನಿಗೆ ಉಪವಾಸದ ಆ್ಯಪ್ ಹಾಕ್ಕೊಂಡ ಯಾರಿಗಾದರೂ ಈ ಕಥೆ ಒಂದಲ್ಲ ಒಂದು ದಿನ ಬಂದೇ ಬರುತ್ತೆ. ಹಿನ್ನೆಲೆಯಲ್ಲಿ ಪಿಯಾನೋ, ಮುಂದೆ ಕಪ್ಪು-ಬಿಳುಪು ಫೋಟೋ, ಕೆಳಗೆ ‘ನಿಮ್ಮ ಕೈಲಿ ಯಾಕಾಗಲ್ಲ?’ ಅನ್ನೋ ಧಾಟಿಯ ಒಂದು ಸಾಲು. ನನಗೂ ಬಂತು, ಒಂದೇ ವಾರದಲ್ಲಿ ಮೂರು ಗ್ರೂಪಿನಿಂದ. ಕಥೆ ಸುಳ್ಳಲ್ಲ. 1973ರಲ್ಲಿ ‘ಪೋಸ್ಟ್‌ಗ್ರಾಜುಯೇಟ್ ಮೆಡಿಕಲ್ ಜರ್ನಲ್’ನಲ್ಲಿ ಸ್ಟೂವರ್ಟ್ ಮತ್ತು ಫ್ಲೆಮಿಂಗ್ ಎಂಬ ಇಬ್ಬರು ಅಂಕಿ-ಅಂಶ ಸಮೇತ ಇದನ್ನು ಬರೆದಿದ್ದಾರೆ. ಆದರೆ ರೀಲಿನಲ್ಲಿ ಇರೋದಕ್ಕಿಂತ ಬಿಟ್ಟುಹೋಗಿರೋದೇ ಜಾಸ್ತಿ.

ಮೊದಲನೇದು, ಬಾರ್ಬಿಯೇರಿ ಡಂಡೀ ನಗರದ ಮೇರಿಫೀಲ್ಡ್ ಆಸ್ಪತ್ರೆಯ ರೋಗಿ. ಬಹುಪಾಲು ದಿನ ಮನೆಯಲ್ಲೇ ಇದ್ದರೂ ರಕ್ತ, ಮೂತ್ರ ಪರೀಕ್ಷೆಗೆ ಹೋಗಿಬರ್ತಿದ್ದ. ನೀರು, ಚಹಾ, ಕಾಫಿ, ಸೋಡಾ ಕುಡೀತಿದ್ದ. ವಿಟಮಿನ್ ಮಾತ್ರೆ, ಯೀಸ್ಟ್ ಕೊಡ್ತಿದ್ದರು, ಮಧ್ಯೆ ಕೆಲವು ವಾರ ಪೊಟ್ಯಾಸಿಯಂ ಕೂಡ. 382 ದಿನ ಅಂತ ಯಾರೂ ಪ್ಲಾನ್ ಮಾಡಿರಲಿಲ್ಲ. ಸ್ವಲ್ಪ ದಿನ ಅಂತ ಶುರುವಾಗಿದ್ದು, ಅವನೇ ಮುಂದುವರಿಸ್ತೀನಿ ಅಂದ, ವೈದ್ಯರು ಹೂಂ ಅಂದರು. ಅವನಪ್ಪನದು ಕರಿದ ಮೀನು, ಆಲೂ ಚಿಪ್ಸ್ ಮಾರೋ ಅಂಗಡಿ, ಮಗನೂ ಅಲ್ಲೇ ಕೆಲಸ ಮಾಡ್ತಿದ್ದ. ಉಪವಾಸಕ್ಕೆ ಇದಕ್ಕಿಂತ ಕಷ್ಟದ ಜಾಗ ಇನ್ನೊಂದಿರಲಿಕ್ಕಿಲ್ಲ.

ನನ್ನಂಥವರಿಗೆ ಯಾವುದೇ ಕಥೆ ಕೇಳಿದರೂ ಲೆಕ್ಕ ತಾಳೆ ನೋಡೋ ಚಟ. ಇಳಿದದ್ದು 125 ಕೆಜಿ, 382 ದಿನ. ದಿನಕ್ಕೆ ಹೆಚ್ಚೂಕಮ್ಮಿ 330 ಗ್ರಾಂ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಅಂತ ಹಿಡಿದರೆ ದಿನಕ್ಕೆ 2,500 ಕ್ಯಾಲೊರಿ ಆಯ್ತು. ಅಂದರೆ ದೊಡ್ಡ ಆಳೊಬ್ಬ ಒಂದು ದಿನಕ್ಕೆ ಖರ್ಚು ಮಾಡೋವಷ್ಟು. ಪವಾಡ ಏನಿಲ್ಲ. ತುಂಬಿದ ಕಣಜ ಇತ್ತು, ಹೊಸದಾಗಿ ಏನೂ ತುಂಬಲಿಲ್ಲ, ಇದ್ದದ್ದು ಖಾಲಿ ಆಗ್ತಾ ಬಂತು.

ನಾನು ಉಪವಾಸ ಶುರು ಮಾಡಿದ್ದು ಕೋವಿಡ್ ಆದಮೇಲೆ. ಆಗ ತೂಕ 89. ಹದಿನಾರು-ಎಂಟು ಅಂತಾರಲ್ಲ, ಅದೇ. ರಾತ್ರಿ ಎಂಟಕ್ಕೆ ಊಟ ಮುಗಿಸಿದರೆ ಮರುದಿನ ಹನ್ನೆರಡಕ್ಕೇ ಮತ್ತೆ ತುತ್ತು. ಬೆಳಗ್ಗೆ ಊರಿಂದ ಅಮ್ಮನ ಫೋನು.

“ತಿಂಡಿ ಆಯ್ತಾ?”

“ಇಲ್ಲ ಕಣಮ್ಮ, ಉಪವಾಸ.”

“ಯಾವ ದೇವ್ರಿಗ್ ಕಣಪ್ಪ?”

“ದೇವ್ರಿಗಲ್ಲ, ತೂಕ ಇಳ್ಸೋಕೆ.”

ಒಂದು ಕ್ಷಣ ಸುಮ್ಮನಿದ್ದು ಅಮ್ಮ ಅಂದಿದ್ದು, “ಹಂಗಾದ್ರೆ ಅದನ್ನ ಉಪವಾಸ ಅನ್ಬೇಡ.”

ಅಮ್ಮನ ಮಾತಿನಲ್ಲಿ ಇತಿಹಾಸ ಇದೆ. ನಮ್ಮೂರು ತಿಪಟೂರು ಸೀಮೆ. ಅಲ್ಲಿ ತಕ್ಕಡಿ ಇದ್ದದ್ದು ಕೊಬ್ಬರಿ ತೂಗೋದಕ್ಕೆ. ಮನುಷ್ಯರು ತೂಗಿಸಿಕೊಳ್ತಿದ್ದದ್ದು ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಬಣ್ಣದ ದೀಪದ ಮೆಷಿನ್ ಮೇಲೆ, ಅದೂ ಚೀಟಿಯಲ್ಲಿ ಬರೋ ಭವಿಷ್ಯ ಓದೋ ಆಸೆಗೆ. ಅಜ್ಜಿ ಶ್ರಾವಣ ಸೋಮವಾರ ಒಪ್ಪತ್ತು ಮಾಡ್ತಿದ್ದಳು, ಶಿವರಾತ್ರಿಗೆ ಪೂರ್ತಿ ದಿನ. ಎಷ್ಟು ಕೆಜಿ ಇಳಿದೆ ಅಂತ ಯಾರಾದರೂ ಕೇಳಿದ್ದರೆ ನಕ್ಕುಬಿಡ್ತಿದ್ದಳು. ತೂಕ ಇಳಿಯೋದು ಅಂದರೆ ಅವಳ ಪಾಲಿಗೆ ‘ಸೊರಗೋದು’, ಅದು ಕಾಯಿಲೆಯ ಅಥವಾ ಬರದ ಗುರುತು. 1876ರಿಂದ 78ರ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನ ಒಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು. ಅಂಥ ಸೀಮೆಯಲ್ಲಿ ‘ಮೈಕೈ ತುಂಬ್ಕೊಂಡಿದ್ದೀಯ’ ಅನ್ನೋದು ಹೊಗಳಿಕೆ ಆಗದೆ ಇನ್ನೇನಾಗುತ್ತೆ? ಏಕಾದಶಿ, ರೋಜಾ, ಪರ್ಯೂಷಣ, ಹೀಗೆ ಉಪವಾಸ ಗೊತ್ತಿಲ್ಲದ ಮನೆ ನಮ್ಮಲ್ಲಿ ಕಡಿಮೆ. ಆದರೆ ಮೈ ಕರಗಿಸೋಕೆ ಉಪವಾಸ ಅನ್ನೋದು ಬೇರೆ ಕಡೆಯಿಂದ ಬಂದ ಸರಕು.

ಎಲ್ಲಿಂದ ಅಂತ ಹುಡುಕಿದರೆ ಮೊದಲು ಸಿಗೋದು ತಮಾಷೆಯೇ. 1880ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಕ್ಲಾರೆಂಡನ್ ಹಾಲ್‌ನಲ್ಲಿ ಹೆನ್ರಿ ಟ್ಯಾನರ್ ಅನ್ನೋ ವೈದ್ಯ 40 ದಿನ ಉಪವಾಸ ಕೂತ. ಜನ ದುಡ್ಡು ಕೊಟ್ಟು ನೋಡೋಕೆ ಬಂದರು. ಕದ್ದು ತಿಂತಾನೇನೋ ಅಂತ ಹಗಲೂ ರಾತ್ರಿ ಕಾವಲು. ನಲವತ್ತನೇ ದಿನ ಮುಗಿದಿದ್ದೇ ತಡ, ಆಸಾಮಿ ಪೀಚ್ ಹಣ್ಣು ತಿಂದು, ಹಾಲು ಕುಡಿದು, ಕಲ್ಲಂಗಡಿಗೆ ಕೈ ಹಾಕಿದ. ಬದುಕಿಕೊಂಡ. ಆಮೇಲೆ ಉಪವಾಸ ಸರ್ವರೋಗಕ್ಕೂ ಮದ್ದು ಅನ್ನೋ ಗುಂಪೇ ಅಮೆರಿಕದಲ್ಲಿ ಬೆಳೀತು. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ 1911ರಲ್ಲಿ ‘ದಿ ಫಾಸ್ಟಿಂಗ್ ಕ್ಯೂರ್’ ಬರೆದ. ಅದೇ ವರ್ಷ ವಾಷಿಂಗ್ಟನ್ ರಾಜ್ಯದ ಒಲಾಲ ಎಂಬಲ್ಲಿ ಲಿಂಡಾ ಹಜಾರ್ಡ್ ಎಂಬಾಕೆಯ ಉಪವಾಸ ಚಿಕಿತ್ಸೆಯಲ್ಲಿ ಕ್ಲೇರ್ ವಿಲಿಯಮ್ಸನ್ ಎಂಬ ಶ್ರೀಮಂತ ಇಂಗ್ಲಿಷ್ ಮಹಿಳೆ ಸತ್ತಳು. ಹಜಾರ್ಡ್ ಜೈಲಿಗೆ ಹೋದಳು, ಹೊರಗೂ ಬಂದಳು. ಕೊನೆಗೆ 1938ರಲ್ಲಿ ತನ್ನದೇ ಉಪವಾಸ ಚಿಕಿತ್ಸೆ ಮಾಡಿಕೊಳ್ತಾ ತೀರಿಕೊಂಡಳು. ಇವರನ್ನೆಲ್ಲ ಪೂರ್ತಿ ಬರೀತಾ ಹೋದರೆ ಇನ್ನೊಂದು ಪುಸ್ತಕ ಆಗುತ್ತೆ, ಬಿಡಿ.

ಲ್ಯಾಬಿನೊಳಗೆ ಈ ವಿಷಯ ಬಂದದ್ದು 1912ರಲ್ಲಿ. ಬಾಸ್ಟನ್ನಿನ ಕಾರ್ನೆಗಿ ಪೋಷಣಾ ಪ್ರಯೋಗಾಲಯದಲ್ಲಿ ಫ್ರಾನ್ಸಿಸ್ ಬೆನೆಡಿಕ್ಟ್ ಅನ್ನೋ ವಿಜ್ಞಾನಿ ಮಾಲ್ಟಾ ದೇಶದ ಅಗೋಸ್ಟಿನೋ ಲೆವಾನ್ಜಿನ್ ಎಂಬಾತನನ್ನು 31 ದಿನ ಉಪವಾಸ ಇಟ್ಟು, ಉಸಿರು, ಮೂತ್ರ, ಮೈಶಾಖ, ತೂಕ ಎಲ್ಲವನ್ನೂ ಅಳೆದ. ರಾತ್ರಿ ಮಲಗ್ತಿದ್ದದ್ದೂ ಅಳತೆಯ ಪೆಟ್ಟಿಗೆಯೊಳಗೇ. ಲೆವಾನ್ಜಿನ್ ದಪ್ಪಗಿರಲಿಲ್ಲ, ಅರವತ್ತು ಕೆಜಿ ಆಸುಪಾಸಿನವ, ಅದರಲ್ಲಿ ಸುಮಾರು 13 ಕೆಜಿ ಹೋಯ್ತು. ಬೊಜ್ಜು ಕರಗಿಸೋದು ಆಗಿನ್ನೂ ಪ್ರಶ್ನೆಯೇ ಅಲ್ಲ. ಹಸಿದ ದೇಹ ಹೇಗೆ ನಡೆಯುತ್ತೆ ಅನ್ನೋದು ಪ್ರಶ್ನೆ.

ಬೊಜ್ಜು ಪ್ರಶ್ನೆ ಆಗಿದ್ದರಲ್ಲಿ ಇನ್ಶೂರೆನ್ಸ್‌ನವರ ಪಾಲು ದೊಡ್ಡದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಲೈಫ್ ಕಂಪನಿ 1942–43ರಲ್ಲಿ ಎತ್ತರಕ್ಕೆ ತಕ್ಕ ತೂಕದ ಪಟ್ಟಿ ಹೊರಡಿಸಿತು. ಯಾವ ಎತ್ತರದವರು ಎಷ್ಟು ತೂಕ ಇದ್ದರೆ ಜಾಸ್ತಿ ವರ್ಷ ಬದುಕ್ತಾರೆ ಅನ್ನೋ ಲೆಕ್ಕ. ಡಾಕ್ಟರುಗಳ ಗೋಡೆ ಮೇಲೆ ಅದು ಬಂತು, ದಪ್ಪ ಅನ್ನೋದು ರೋಗ ಆಯ್ತು. ರೋಗ ಅಂದಮೇಲೆ ಆಸ್ಪತ್ರೆ ಬೇಕಲ್ಲ. 1959ರಲ್ಲಿ ಅಟ್ಲಾಂಟಾದ ವೈದ್ಯ ವಾಲ್ಟರ್ ಬ್ಲೂಮ್ ತನ್ನ ರೋಗಿಗಳನ್ನು ಕೆಲವು ದಿನ ಪೂರ್ತಿ ಉಪವಾಸ ಇಟ್ಟು, ಒಂದೆರಡು ದಿನ ಆದಮೇಲೆ ಇವರಿಗೆ ಹಸಿವೇ ಅಷ್ಟು ಕಾಡಲ್ಲ ಅಂತ ವರದಿ ಮಾಡಿದ. ಫಿಲಡೆಲ್ಫಿಯಾದಲ್ಲಿ ಗಾರ್ಫೀಲ್ಡ್ ಡಂಕನ್ ಅದನ್ನು ಎರಡು ವಾರದ ತನಕ ಎಳೆದ. ಲಾಸ್ ಏಂಜಲಿಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಅರ್ನ್ಸ್ಟ್ ಡ್ರೆನಿಕ್ 1964ರ ಹೊತ್ತಿಗೆ 117 ದಿನದವರೆಗೂ ಹೋದ. ಬಾರ್ಬಿಯೇರಿ ಬಂದದ್ದು ಈ ಅಲೆಯ ತುದಿಯಲ್ಲಿ. ಅಂದರೆ ಅವನು ಒಂಟಿ ಸಾಹಸಿ ಅಲ್ಲ. ಆ ಹದಿನೈದು ಇಪ್ಪತ್ತು ವರ್ಷದಲ್ಲಿ ನೂರಾರು ಜನ ಹೀಗೆ ಆಸ್ಪತ್ರೆ ಮಂಚದ ಮೇಲೆ ಊಟ ಬಿಟ್ಟು ಮಲಗಿದ್ದರು. ನಮ್ಮ ಆ್ಯಪು ‘ಹೊಸ ವಿಜ್ಞಾನ’ ಅಂತ ಮಾರೋದರ ತಳಪಾಯ ಇವರೇ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಬಾಸ್ಟನ್ನಿನ ಜಾರ್ಜ್ ಕೇಹಿಲ್ ಗುಂಪಿನ ಕೆಲಸ. ಮಿದುಳಿಗೆ ಗ್ಲೂಕೋಸ್ ಬಿಟ್ಟರೆ ಬೇರೆ ಆಹಾರ ಇಲ್ಲ ಅಂತಲೇ ಆಗ ನಂಬಿಕೆ. ಲಿವರಿನಲ್ಲಿ ಕೂಡಿಟ್ಟ ಸಕ್ಕರೆ ಒಂದು ದಿನಕ್ಕೆ ಮುಗಿಯುತ್ತೆ. ಆಮೇಲೆ ಸ್ನಾಯು ಕರಗಿಸಿ ಗ್ಲೂಕೋಸ್ ಮಾಡ್ತಾ ಕೂತರೆ ಮನುಷ್ಯ ಎರಡು ಮೂರು ವಾರದಲ್ಲಿ ಸಾಯಬೇಕು. ಸಾಯಲ್ಲ, ಯಾಕೆ? ಐದಾರು ವಾರ ಉಪವಾಸ ಇದ್ದ ಮೂವರು ರೋಗಿಗಳಲ್ಲಿ ಮಿದುಳಿಗೆ ಹೋಗೋ ರಕ್ತ, ಬರೋ ರಕ್ತ ಎರಡನ್ನೂ ಪರೀಕ್ಷೆ ಮಾಡಿ 1967ರಲ್ಲಿ ಅವರು ಉತ್ತರ ಕೊಟ್ಟರು. ಕೊಬ್ಬಿನಿಂದ ಲಿವರ್ ತಯಾರು ಮಾಡೋ ಕೀಟೋನ್ ಮಿದುಳಿನ ಬಹುಪಾಲು ಖರ್ಚನ್ನು ನೋಡಿಕೊಳ್ಳುತ್ತೆ. ಬಾರ್ಬಿಯೇರಿಯ ರಕ್ತದ ಸಕ್ಕರೆ ತಿಂಗಳುಗಟ್ಟಲೆ 30ರ ಆಸುಪಾಸಿಗೆ ಇಳಿದಿತ್ತು. ನಿಮಗೋ ನನಗೋ ದಿಢೀರಂತ ಹಾಗಾದರೆ ಪ್ರಜ್ಞೆ ತಪ್ಪುತ್ತೆ. ಅವನು ಓಡಾಡಿಕೊಂಡಿದ್ದ. ಕರೆಂಟ್ ಹೋದಾಗ ಯುಪಿಎಸ್ ಹಿಡಿಯೋ ಹಾಗೆ. ವ್ಯತ್ಯಾಸ ಅಂದರೆ, ಇದು ಹಿಡಿಯೋಕೆ ಕೆಲವು ದಿನ ಬೇಕು. ಮೊದಲ ಮೂರು ದಿನ ತಲೆನೋವು, ಸಿಡುಕು ಯಾಕೆ ಅಂತ ಕೇಳಿದವರಿಗೆ ಉತ್ತರದ ಒಂದು ಭಾಗ ಇದೇ.

ಇಲ್ಲಿಗೆ ರೀಲಿನ ಕಥೆ ಮುಗಿಯುತ್ತೆ. ಇನ್ನುಳಿದದ್ದನ್ನು ಹೇಳ್ತೀನಿ.

1969ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಬಂತು. ಇಪ್ಪತ್ತು ವರ್ಷದ ಒಬ್ಬ ಹುಡುಗಿ, ಬೊಜ್ಜಿಗೆ ಅಂತಲೇ ಆಸ್ಪತ್ರೆಯಲ್ಲಿ ಉಪವಾಸ. ಸುಮಾರು ಮೂವತ್ತು ವಾರ. ಅಂದುಕೊಂಡ ತೂಕಕ್ಕೆ ಇಳಿದಳು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಟಾರ್ಗೆಟ್ ಮುಟ್ಟಿದಳು. ಅವಳು ಸತ್ತದ್ದು ಉಪವಾಸದ ನಡುವೆ ಅಲ್ಲ. ಮತ್ತೆ ಊಟ ಕೊಡೋಕೆ ಶುರು ಮಾಡಿದ ಮೇಲೆ, ಕೆಲವೇ ದಿನದಲ್ಲಿ. ಮರಣೋತ್ತರ ಪರೀಕ್ಷೆಯಲ್ಲಿ ನೋಡಿದರೆ ಹೃದಯದ ಸ್ನಾಯುವಿನ ಎಳೆಗಳೇ ತುಂಡು ತುಂಡಾಗಿದ್ದವು. ಬಾರ್ಬಿಯೇರಿಗೆ ಹೆಸರಿದೆ, ಫೋಟೋ ಇದೆ, ದಾಖಲೆ ಪುಸ್ತಕದಲ್ಲಿ ಜಾಗ ಇದೆ. ಈ ಹುಡುಗಿಯ ಕಥೆಗೆ ಯಾರೂ ಪಿಯಾನೋ ಬಾರಿಸಿಲ್ಲ. ಇವಳೊಬ್ಬಳೇ ಅಲ್ಲ. 1965ರಲ್ಲಿ, 68ರಲ್ಲಿ ಇಂಥ ಸಾವಿನ ವರದಿಗಳು ಬಂದಿದ್ದವು. ಬಾರ್ಬಿಯೇರಿ ಬಗ್ಗೆ ಬರೆದ ಪ್ರಬಂಧದಲ್ಲೇ ಹೀಗೆ ಸತ್ತವರ ಪ್ರಸ್ತಾಪ ಇದೆ. ಯಶಸ್ವಿ ಕಥೆ ಬರೆದ ವೈದ್ಯರೇ ಅದನ್ನು ಮುಚ್ಚಿಡಲಿಲ್ಲ, ಮುಚ್ಚಿಟ್ಟದ್ದು ನಾವು.

ಊಟ ಕೊಟ್ಟರೆ ಯಾಕೆ ಅಪಾಯ? ತಿಂಗಳುಗಟ್ಟಲೆ ಹಸಿದ ದೇಹದಲ್ಲಿ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಒಳಗೊಳಗೇ ಸವೆದಿರುತ್ತೆ. ರಕ್ತ ಪರೀಕ್ಷೆಯಲ್ಲಿ ಮಾತ್ರ ಸರಿಯಾಗೇ ಕಾಣಬಹುದು. ದಿಢೀರಂತ ಅನ್ನ, ಸಕ್ಕರೆ ಒಳಗೆ ಹೋದರೆ ಇನ್ಸುಲಿನ್ ಏರುತ್ತೆ, ರಕ್ತದಲ್ಲಿ ಇದ್ದಬದ್ದ ಲವಣವನ್ನೆಲ್ಲ ಜೀವಕೋಶಗಳು ಒಳಗೆಳೆದುಕೊಳ್ಳುತ್ತವೆ. ಹೃದಯದ ತಾಳ ತಪ್ಪುತ್ತೆ. ಎರಡನೇ ಮಹಾಯುದ್ಧ ಮುಗಿದಾಗ ಸೆರೆ ಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಕೆಲವರು ಹೊಟ್ಟೆ ತುಂಬ ಊಟ ಸಿಕ್ಕಮೇಲೆ ಸತ್ತದ್ದು ಹೀಗೆ. ವೈದ್ಯರು ಇದಕ್ಕೆ ‘ರೀಫೀಡಿಂಗ್ ಸಿಂಡ್ರೋಮ್’ ಅಂತ ಹೆಸರಿಟ್ಟಿದ್ದಾರೆ. ಹದಿನಾರು ಗಂಟೆ ಉಪವಾಸ ಮಾಡೋ ಆರೋಗ್ಯವಂತರಿಗೆ ಇದರ ಭಯ ಬೇಡ. ಆದರೆ ವಾರಗಟ್ಟಲೆ ಬರೀ ನೀರು ಕುಡಿದುಕೊಂಡು ಇರ್ತೀನಿ ಅನ್ನೋರಿಗೆ ಬೇಕು.

ಸಾಯದೆ ಉಳಿದವರ ಕಥೆ ಇನ್ನೊಂದು ಥರ. ಡ್ರೆನಿಕ್ ಪ್ರಾಮಾಣಿಕ ಮನುಷ್ಯ, ತನ್ನ ರೋಗಿಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿ ವಿಚಾರಿಸಿದ. 1977ರಲ್ಲಿ ಜಾನ್ಸನ್ ಜೊತೆ ಸೇರಿ ಫಲಿತಾಂಶ ಬರೆದ. ಒಟ್ಟು 207 ಜನ, ಸರಾಸರಿ ಎರಡು ತಿಂಗಳ ಉಪವಾಸ, ಸರಾಸರಿ ಇಳಿಕೆ 28 ಕೆಜಿ. ಎರಡು ಮೂರು ವರ್ಷದಲ್ಲಿ ಅರ್ಧದಷ್ಟು ಜನ ಮೊದಲಿದ್ದ ತೂಕಕ್ಕೇ ವಾಪಸ್. ಏಳೆಂಟು ವರ್ಷದ ಹೊತ್ತಿಗೆ ಇಳಿದ ತೂಕದಲ್ಲೇ ಉಳಿದವರು ಬೆರಳೆಣಿಕೆ. ಬಾರ್ಬಿಯೇರಿ ಐದು ವರ್ಷ ಆದಮೇಲೂ 89 ಕೆಜಿ ಇದ್ದ. ನಿಜವಾದ ಆಶ್ಚರ್ಯ ಅಂದರೆ ನನ್ನ ಪ್ರಕಾರ 382 ದಿನ ಅಲ್ಲ, ಇದು. ಎಪ್ಪತ್ತರ ದಶಕ ಮುಗಿಯೋ ಹೊತ್ತಿಗೆ ಆಸ್ಪತ್ರೆಗಳು ಪೂರ್ಣ ಉಪವಾಸದ ಚಿಕಿತ್ಸೆಯನ್ನು ಹೆಚ್ಚೂಕಮ್ಮಿ ಕೈಬಿಟ್ಟವು.

ಇಷ್ಟು ಓದಿದ ಮೇಲೆ ನನಗೆ ನೆನಪಾದದ್ದು ನಮ್ಮ ಒಂದು ಪದ: ಪಾರಣೆ. ಉಪವಾಸ ಬಿಡೋ ಊಟಕ್ಕೇ ಒಂದು ಹೆಸರು. ನಮ್ಮೂರ ದೇವಸ್ಥಾನದ ಬೀದಿಯಲ್ಲಿ ಏಕಾದಶಿ ಮಾಡೋ ಮನೆಗಳಿದ್ದವು. ಅಲ್ಲಿ ಪಂಚಾಂಗ ತೆಗೆದು ನೋಡ್ತಿದ್ದದ್ದು ಏಕಾದಶಿ ಯಾವತ್ತು ಅಂತ ಮಾತ್ರ ಅಲ್ಲ, ದ್ವಾದಶಿ ಪಾರಣೆ ಎಷ್ಟು ಹೊತ್ತಿಗೆ ಅಂತ. ತಿಥಿ ಬೇಗ ಮುಗಿಯೋ ದಿನ ಬೆಳಗಿನ ಜಾವಕ್ಕೇ ಒಲೆ ಹತ್ತಿಸ್ತಿದ್ದರು. ಪಾರಣೆ ತಪ್ಪಿದರೆ ಉಪವಾಸದ ಫಲವೂ ಇಲ್ಲ. ಅಯ್ಯಂಗಾರರ ಮನೆಗಳಲ್ಲಿ ದ್ವಾದಶಿ ಎಲೆಗೆ ಅಗಸೆ ಸೊಪ್ಪು, ನೆಲ್ಲಿಕಾಯಿ ಬೀಳುತ್ತೆ. ಮುಸ್ಲಿಮರ ಮನೆಯಲ್ಲಿ ರೋಜಾ ಬಿಡೋದು ಖರ್ಜೂರ, ನೀರಿನಿಂದ. ನಮ್ಮಜ್ಜಿ ಶಿವರಾತ್ರಿ ಮರುದಿನ ಮೊದಲು ಒಂದು ಲೋಟ ಮಜ್ಜಿಗೆ ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಊಟಕ್ಕೆ ಕೂರ್ತಿದ್ದಳು. ಇವರಿಗೆಲ್ಲ ಇನ್ಸುಲಿನ್ ಗೊತ್ತಿತ್ತು ಅಂತ ನಾನು ಹೇಳ್ತಿಲ್ಲ. ದಯವಿಟ್ಟು ಇದನ್ನು ‘ನಮ್ಮ ಹಿರಿಯರು ಎಲ್ಲ ಕಂಡುಹಿಡಿದಿದ್ದರು’ ಅನ್ನೋ ಫಾರ್ವರ್ಡ್ ಮಾಡಬೇಡಿ. ಏಕಾದಶಿ ಹೆಸರಲ್ಲಿ ಅವಲಕ್ಕಿ, ಸಬ್ಬಕ್ಕಿ, ಹಣ್ಣು, ಹಾಲು ಅಂತ ದಿನಾ ತಿನ್ನೋದಕ್ಕಿಂತ ಜಾಸ್ತಿ ತಿಂದವರನ್ನೂ ನಾನು ನೋಡಿದ್ದೀನಿ. ನಾನು ಹೇಳೋದು ಇಷ್ಟೇ: ಅವರ ಪದ್ಧತಿಯಲ್ಲಿ ಉಪವಾಸಕ್ಕೆ ಒಂದು ಕೊನೆ ಇತ್ತು, ಕೊನೆಗೆ ಒಂದು ನಿಯಮ ಇತ್ತು, ಅದರಾಚೆ ಎಂದಿನ ಮುದ್ದೆ-ಸಾರು ಕಾಯ್ತಿತ್ತು.

ನನ್ನ ಆ್ಯಪಿನಲ್ಲಿ ಹಸಿರು ಚಕ್ರ ತುಂಬಿದ ಕೂಡಲೇ ಬಣ್ಣದ ಕಾಗದದ ಚೂರುಗಳು ಉದುರುತ್ತವೆ, ‘ಅಭಿನಂದನೆಗಳು’. ಅಲ್ಲಿಗೆ ಮುಗೀತು. ಮುಂದಿನ ಎಂಟು ಗಂಟೆ ಅದು ಮೂಕ. ಮೊದಲ ವಾರ ನನ್ನ ತೂಕ ಎರಡೂವರೆ ಕೆಜಿ ಇಳೀತು. ಬಹುಪಾಲು ನೀರು, ಯಾಕಂದ್ರೆ ಕೂಡಿಟ್ಟ ಸಕ್ಕರೆಯ ಒಂದೊಂದು ಗ್ರಾಮಿನ ಜೊತೆ ಮೂರು ಗ್ರಾಂ ನೀರು ಇರುತ್ತೆ. ಆರು ತಿಂಗಳಲ್ಲಿ 81 ಆಯ್ತು. ಈಗ 84. ಡ್ರೆನಿಕ್ ಪಟ್ಟಿಯ ಜನರ ಜೊತೆ ಹೋಲಿಸಿದರೆ ನನ್ನದು ಫಸ್ಟ್ ಕ್ಲಾಸ್. ಇಳಿದಿದ್ದು ಉಪವಾಸದಿಂದಲೋ, ರಾತ್ರಿ ಹನ್ನೊಂದರ ಸ್ವಿಗ್ಗಿ ನಿಂತದ್ದರಿಂದಲೋ?

ಈ ಪ್ರಶ್ನೆಗೆ ಸರಿಯಾದ ಪರೀಕ್ಷೆಗಳು ಆಗಿವೆ. 2012ರಲ್ಲಿ ಬಿಬಿಸಿಯಲ್ಲಿ ಮೈಕೆಲ್ ಮೋಸ್ಲಿ ಮಾಡಿದ ಕಾರ್ಯಕ್ರಮದಿಂದ ಉಪವಾಸ ಮತ್ತೆ ಫ್ಯಾಷನ್ ಆಯ್ತು. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿಗೆ ‘ಆಟೊಫೇಜಿ’ ಮೇಲಿನ ಕೆಲಸಕ್ಕೆ ನೊಬೆಲ್ ಬಂದಮೇಲೆ ಕೇಳೋದೇ ಬೇಡ. ಅವರು ಕೆಲಸ ಮಾಡಿದ್ದು ಯೀಸ್ಟ್ ಮೇಲೆ, ಜಾಹೀರಾತು ನಮ್ಮ ಮೇಲೆ. 2020ರಲ್ಲಿ ಅಮೆರಿಕದಲ್ಲಿ 116 ಜನರ ಮೇಲೆ ಮೂರು ತಿಂಗಳ ಪರೀಕ್ಷೆ ನಡೀತು. ಹದಿನಾರು-ಎಂಟು ಮಾಡಿದವರು ಸುಮಾರು 0.9 ಕೆಜಿ ಇಳಿದರು, ದಿನಕ್ಕೆ ಮೂರು ಹೊತ್ತು ತಿಂದವರು ಸುಮಾರು 0.7. 2022ರಲ್ಲಿ ಚೀನಾದ ಗುವಾಂಗ್ಝೌನಲ್ಲಿ 139 ಜನ, ಒಂದು ವರ್ಷ. ಇಬ್ಬರಿಗೂ ಕ್ಯಾಲೊರಿ ಮಿತಿ ಒಂದೇ. ಒಂದು ಗುಂಪು ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರ ಒಳಗೆ ಮಾತ್ರ ತಿನ್ನಬೇಕು, ಇನ್ನೊಂದಕ್ಕೆ ಹೊತ್ತಿನ ಕಟ್ಟು ಇಲ್ಲ. ಮೊದಲ ಗುಂಪು 8 ಕೆಜಿ ಇಳೀತು, ಎರಡನೇದು 6.3. ಸಂಖ್ಯಾಶಾಸ್ತ್ರದ ಕಣ್ಣಲ್ಲಿ ಎರಡೂ ಪರೀಕ್ಷೆಯ ವ್ಯತ್ಯಾಸ ಲೆಕ್ಕಕ್ಕಿಲ್ಲ. ಗಡಿಯಾರಕ್ಕಿಂತ ತಟ್ಟೆಯ ಪಾಲೇ ದೊಡ್ಡದು ಅಂತ ನಾನು ಓದಿಕೊಂಡಿದ್ದೀನಿ. ಆದರೂ ನನಗೆ ಗಡಿಯಾರ ಸುಲಭ. ಪ್ರತಿ ತುತ್ತು ಎಣಿಸೋದಕ್ಕಿಂತ ‘ಎಂಟಾದಮೇಲೆ ಅಡುಗೆಮನೆ ಬಂದ್’ ಅನ್ನೋ ನಿಯಮ ಪಾಲಿಸೋಕೆ ಸಲೀಸು, ಅದಕ್ಕೇ ಇನ್ನೂ ಮಾಡ್ತಿದ್ದೀನಿ.

ಬಾರ್ಬಿಯೇರಿ ಕೊನೆಗೆ ಪಾರಣೆ ಮಾಡಿದ್ದು ಒಂದು ಬೇಯಿಸಿದ ಮೊಟ್ಟೆ, ಬೆಣ್ಣೆ ಸವರಿದ ಒಂದು ತುಂಡು ಬ್ರೆಡ್, ಹಾಲಿಲ್ಲದ ಕಾಫಿಯಿಂದ. ಅಷ್ಟೇ. ಆಮೇಲೆ ಇಂಗ್ಲೆಂಡಿನ ವಾರಿಕ್ ಊರಿಗೆ ಹೋಗಿ ನೆಲೆಸಿದ, ಇಬ್ಬರು ಗಂಡುಮಕ್ಕಳಾದರು, 1990ರಲ್ಲಿ ತೀರಿಕೊಂಡ.

ಕಳೆದ ತಿಂಗಳು ನಮ್ಮ ಟೀಮಿನ ಹುಡುಗನೊಬ್ಬ ಅದೇ ರೀಲ್ ತೋರಿಸಿ, “ಗುರು, ಹತ್ತು ದಿನ ಬರೀ ನೀರು, ಸೋಮವಾರದಿಂದ” ಅಂದ. ಹನ್ನೊಂದನೇ ದಿನ ಏನು ತಿಂತೀಯ ಅಂತ ಕೇಳಿದೆ. ಕ್ಯಾಲೆಂಡರ್ ತೆಗೆದು ನೋಡಿದ. “ಗುರುವಾರ. ಅಕ್ಕನ ಮಗಳ ನಾಮಕರಣ, ಹೋಳಿಗೆ ಊಟ.” ಮಾತಾಡ್ತಾ ಅವನು ಎರಡು ವರ್ಷದಿಂದ ಬಿಪಿ ಮಾತ್ರೆ ತಗೋತಿರೋದೂ ಹೊರಗೆ ಬಂತು. ಅವುಗಳಲ್ಲಿ ಕೆಲವು ಮೂತ್ರ ಹೆಚ್ಚಿಸೋ ಮಾತ್ರೆ, ದೇಹದ ಲವಣವನ್ನು ಹೊರಗೆ ಹಾಕೋದೇ ಅವುಗಳ ಕೆಲಸ. ಆ ಹುಡುಗಿಯ ವರದಿಯನ್ನು ಅವನಿಗೆ ಕಳಿಸಿದೆ. ಸೋಮವಾರ ಅವನು ಕ್ಯಾಂಟೀನಿಗೆ ಬರಲಿಲ್ಲ, ಶುರು ಮಾಡೇಬಿಟ್ಟನೇನೋ ಅಂದ್ಕೊಂಡೆ. ಡಾಕ್ಟರ ಹತ್ತಿರ ಹೋಗಿದ್ದನಂತೆ.